ಸಮಪಾಲಿನ ಗಣಿತ: ಮಹಾವೀರಾಚಾರ್ಯರ ಅಪವರ್ತನ, ರಾಜಾದಿತ್ಯನ ಹಸುಗೆ

28,483 ರತ್ನಗಳನ್ನು 13 ಜಿನಾಲಯಗಳಿಗೆ ಸಮನಾಗಿ ಅರ್ಪಿಸಿದರೆ ಒಂದೊಂದಕ್ಕೆ ಸಲ್ಲುವುದೆಷ್ಟು ಎಂಬ ಪ್ರಶ್ನೆಯೊಂದು ‘ಗಣಿತಸಾರಸಂಗ್ರಹ’ದ ಎರಡನೆಯ ಅಧ್ಯಾಯದಲ್ಲಿದೆ. ಉತ್ತರ 2,191, ಶೇಷವಿಲ್ಲ. 28,483 ನೋಡುವ ಕಣ್ಣಿಗೆ ಯಾವ ವಿಶೇಷವೂ ಇಲ್ಲದ ಸಂಖ್ಯೆ. ಅದು 13ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ಮೇಲ್ನೋಟದಲ್ಲೇ ಹೇಳಬಲ್ಲವರು ವಿರಳ. ಇಂಥ ಸಂಖ್ಯೆ ಗ್ರಂಥಕಾರನಿಗೆ ಆಕಸ್ಮಿಕವಾಗಿ ಒದಗುವುದಿಲ್ಲ. ಅವನು ಮೊದಲು 13ನ್ನೂ 2,191ನ್ನೂ ಆರಿಸಿಕೊಂಡು, ಗುಣಿಸಿ, ಬಂದ ಗುಣಲಬ್ಧವನ್ನು ಶಿಷ್ಯನ ಮುಂದೆ ರತ್ನರಾಶಿಯಾಗಿ ಸುರಿದಿದ್ದಾನೆ. ಗುರು ಕಟ್ಟಿದ್ದನ್ನು ಶಿಷ್ಯ ಬಿಚ್ಚಬೇಕು. ಭಾಗಾಹಾರದ ಪಾಠವೆಂದರೆ ಇಷ್ಟೇ.

ಈ ಸರಳ ಸಂಗತಿಯನ್ನು ಮರೆತು ಪ್ರಾಚೀನ ಗಣಿತಗ್ರಂಥಗಳ ಉದಾಹರಣೆಗಳನ್ನು ಓದುವ ರೂಢಿ ನಮ್ಮಲ್ಲಿ ಬೆಳೆದಿದೆ. ಗಣಿತದ ಇತಿಹಾಸಕಾರರು ಸೂತ್ರಗಳನ್ನು ಆಯ್ದುಕೊಂಡು ಉದಾಹರಣೆಗಳನ್ನು ಬಿಡುತ್ತಾರೆ. ಸಂಸ್ಕೃತಿಯ ಇತಿಹಾಸಕಾರರು ಉದಾಹರಣೆಗಳನ್ನು ಹಿಡಿದು ಸೂತ್ರಗಳನ್ನು ಬಿಡುತ್ತಾರೆ. ಮೊದಲನೆಯವರ ಕೈಯಲ್ಲಿ ಬಸದಿಗಳು ಮಾಯವಾಗುತ್ತವೆ. ಎರಡನೆಯವರ ಕೈಯಲ್ಲಿ ಅಂಕಿಗಳು ಶಾಸನದ ಅಂಕಿಗಳಂತೆ ಸಾಕ್ಷ್ಯವಾಗಿಬಿಡುತ್ತವೆ. ಎರಡೂ ಓದು ಅಪೂರ್ಣವೆಂಬುದನ್ನು ಈ ಗ್ರಂಥದ ಸಮಪಾಲಿನ ಲೆಕ್ಕಗಳೇ ತೋರಿಸುತ್ತವೆ.

ಮಹಾವೀರಾಚಾರ್ಯರ ಕಾಲ ಕ್ರಿ.ಶ. 850ರ ಸುಮಾರು. ಗ್ರಂಥಾರಂಭದಲ್ಲಿ ವರ್ಧಮಾನ ಜಿನನ ಸ್ತುತಿಯೂ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಯೂ ಇವೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಶ್ರಯದಲ್ಲಿ. ಜಿನಸೇನಾಚಾರ್ಯರು ‘ಜಯಧವಲಾ’ ಟೀಕೆಯನ್ನು ಪೂರ್ಣಗೊಳಿಸಿದ್ದು 837ರಲ್ಲಿ, ಇದೇ ಆಳ್ವಿಕೆಯಲ್ಲಿ. ಕಾವ್ಯಮೀಮಾಂಸೆ, ಸಿದ್ಧಾಂತ, ಗಣಿತ ಈ ಮೂರೂ ಒಂದೇ ವಿದ್ವತ್ ಪರಿಸರದಲ್ಲಿ ಬೆಳೆದವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಣಿತಪ್ರಶಂಸೆಯ ಭಾಗದಲ್ಲಿ ಆಚಾರ್ಯರು ಗಣಿತ ಬೇಕಾಗುವ ವಿದ್ಯೆಗಳ ಪಟ್ಟಿಯೊಂದನ್ನು ಕೊಡುತ್ತಾರೆ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು ಇವುಗಳ ಜೊತೆಗೆ ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣಗಳೂ ಅದರಲ್ಲಿ ಸೇರಿವೆ. ಛಂದಸ್ಸಿನ ಮಾತು ಮುಂದೆ ಬರುತ್ತದೆ.

ಎರಡನೆಯದಾದ ಪರಿಕರ್ಮವ್ಯವಹಾರದಲ್ಲಿ ಭಾಗಾಹಾರದ ವಿಧಿ ಬಹಳ ಚಿಕ್ಕದು. ಭಾಜ್ಯವನ್ನು ಮೇಲಿಟ್ಟು, ಭಾಜಕವನ್ನು ಕೆಳಗಿಟ್ಟು, ಎರಡಕ್ಕೂ ‘ಅಪವರ್ತನ’ವನ್ನು ಮಾಡಿ, ಆ ಬಳಿಕ ಭಾಗಿಸಬೇಕು ಎಂಬುದು ಅದರ ತಾತ್ಪರ್ಯ. ಅಪವರ್ತನವೆಂದರೆ ಎರಡು ಸಂಖ್ಯೆಗಳಲ್ಲೂ ಸಮಾನವಾಗಿ ಅಡಗಿರುವ ಗುಣಕವನ್ನು ತೆಗೆದುಹಾಕುವುದು. 1,152 ತಾವರೆಗಳನ್ನು 144 ಬಸದಿಗಳಿಗೆ ಹಂಚಬೇಕಾದಲ್ಲಿ ಎರಡನ್ನೂ 12ರಿಂದ ಕಿರಿದುಗೊಳಿಸಿದರೆ 96 ತಾವರೆ, 12 ಬಸದಿಗಳಾಗುತ್ತವೆ. ಮತ್ತೆ 12ರಿಂದ ಕಿರಿದುಗೊಳಿಸಿದರೆ 8 ತಾವರೆ, ಒಂದು ಬಸದಿ. ದೊಡ್ಡ ಗುಂಪನ್ನು ಹನ್ನೆರಡು ಸಮಗುಂಪುಗಳಾಗಿ ಒಡೆದು, ಅದರಲ್ಲೊಂದು ಗುಂಪನ್ನು ಮತ್ತೆ ಹನ್ನೆರಡಾಗಿ ಒಡೆದಂತೆ ಇದು. ಈ 144 ಬಸದಿಗಳೂ ಬಸದಿಗೆ ಎಂಟರಂತೆ ತಾವರೆಗಳೂ ಗುಣಾಕಾರದ ಉದಾಹರಣೆಯಲ್ಲಿ ಬರುತ್ತವೆ. ಅಲ್ಲಿಂದ ತೆಗೆದು ಇಲ್ಲಿ ತಿರುವಿ ನೋಡಿದ್ದಾಯಿತು. ಗುಣಾಕಾರದ ಪ್ರಕರಣದಲ್ಲಿಯೂ ಗುಣ್ಯವನ್ನಾಗಲಿ ಗುಣಕವನ್ನಾಗಲಿ ಖಂಡಗಳಾಗಿಸಿ ಗುಣಿಸುವ ವಿಧಾನವನ್ನು ಆಚಾರ್ಯರು ಹೇಳಿದ್ದಾರೆ.

‘ಅಪವರ್ತನ’ ಎಂಬ ಶಬ್ದದ ಮುಂದಿನ ಕಥೆ ಕುತೂಹಲಕರ. ಇಂದಿನ ಕನ್ನಡ ಶಾಲಾಪಠ್ಯಗಳಲ್ಲಿ ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗೆ ಅಪವರ್ತನ ಎಂದೇ ಹೆಸರು. 12ರ ಅಪವರ್ತನಗಳು 1, 2, 3, 4, 6, 12 ಎಂದು ಮಕ್ಕಳು ಹೇಳುತ್ತಾರೆ. ಮಹಾವೀರಾಚಾರ್ಯರ ಸೂತ್ರದಲ್ಲಿ ಅದು ಕ್ರಿಯೆಯ ಹೆಸರು, ತೆಗೆದುಹಾಕುವ ಕೆಲಸದ ಹೆಸರು. ಇಂದು ಅದು ವಸ್ತುವಿನ ಹೆಸರು, ತೆಗೆದುಹಾಕಲ್ಪಡುವ ಸಂಖ್ಯೆಯ ಹೆಸರು. ಭಾವನಾಮವೊಂದು ವಸ್ತುನಾಮವಾಗುವ ಈ ಬಗೆ ಭಾಷೆಯಲ್ಲಿ ಅಪರೂಪವಲ್ಲ. ಆದರೆ ಹಳೆಯ ಸೂತ್ರವನ್ನು ಇಂದಿನ ಅರ್ಥದಲ್ಲಿ ಓದಿದರೆ ವಾಕ್ಯವೇ ಕೂಡುವುದಿಲ್ಲ. ಗಣಿತಗ್ರಂಥಗಳನ್ನು ಕನ್ನಡಿಸುವವರು ಎಡವುವ ತಾಣಗಳಲ್ಲಿ ಇದೂ ಒಂದು.

ಇನ್ನು ಭಾಗಾಹಾರದ ಉದಾಹರಣೆಗಳತ್ತ ಬರಬಹುದು. 8,192 ದೀನಾರಗಳನ್ನು 64 ಜನರಿಗೆ ಹಂಚುವುದು ಮೊದಲನೆಯದು. ಆ ಬಳಿಕ 2,701 ಸುವರ್ಣಗಳು 37 ಜನರಿಗೆ, 10,349 ದೀನಾರಗಳು 79 ಜನರಿಗೆ, 14,141 ಸುವರ್ಣಗಳು 79 ದೇಗುಲಗಳಿಗೆ, 31,317 ನೇರಳೆಹಣ್ಣುಗಳು 39 ಜನರಿಗೆ, 31,313 ನೇರಳೆಹಣ್ಣುಗಳು 181 ಜನರಿಗೆ. ಇವುಗಳನ್ನು ಒಡೆದು ನೋಡಿದರೆ ಗ್ರಂಥಕಾರರ ಕೈಚಳಕ ಕಾಣುತ್ತದೆ. 2,701 ಎಂದರೆ 37 ಮತ್ತು 73ರ ಗುಣಲಬ್ಧ. ಒಂದನ್ನು ತಿರುವಿ ಬರೆದರೆ ಇನ್ನೊಂದು, ಎರಡೂ ಅವಿಭಾಜ್ಯ. ಹಂಚಿಕೊಳ್ಳುವವರ ಸಂಖ್ಯೆಯೇ ಕನ್ನಡಿಯಲ್ಲಿ ತಿರುಗಿ ಪಾಲಿನ ಸಂಖ್ಯೆಯಾಗಿದೆ. 10,349 ಎಂದರೆ 79 ಮತ್ತು 131. 14,141 ಎಂದರೆ 79 ಮತ್ತು 179. 31,313 ಎಂದರೆ 181 ಮತ್ತು 173. ಎಲ್ಲವೂ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು. ಅಂದರೆ ಈ ರಾಶಿಗಳನ್ನು ಸಮಗುಂಪುಗಳಾಗಿ ಒಡೆಯಲು ಒಂದೇ ಒಂದು ಜೋಡಿಯುಂಟು. 14,141 ಸುವರ್ಣಗಳನ್ನು 79 ದೇಗುಲಗಳಿಗೆ ಹಂಚಬಹುದು, 179 ದೇಗುಲಗಳಿಗೆ ಹಂಚಬಹುದು. ಎಲ್ಲವನ್ನೂ ಒಂದಕ್ಕೇ ಕೊಡುವುದು, ದೇಗುಲಕ್ಕೊಂದರಂತೆ ಕೊಡುವುದು ಇವೆರಡನ್ನು ಬಿಟ್ಟರೆ ಬೇರೆ ಸಮಪಾಲು ಸಾಧ್ಯವೇ ಇಲ್ಲ.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಎಚ್ಚರವಾಗಬೇಕು. ರಾಷ್ಟ್ರಕೂಟರ ಕಾಲದಲ್ಲಿ ಒಂದೇ ದಾನದಲ್ಲಿ 79 ದೇಗುಲಗಳಿಗೆ ಸುವರ್ಣ ಸಲ್ಲುತ್ತಿತ್ತೆಂದಾಗಲಿ, ರಾಜಧಾನಿಯಲ್ಲಿ ಅಷ್ಟು ದೇಗುಲಗಳಿದ್ದವೆಂದಾಗಲಿ ಈ ಪದ್ಯದಿಂದ ಊಹಿಸುವುದು ಸಲ್ಲದು. ದೇಗುಲಗಳು 79 ಆಗಿರುವುದು 79 ಅವಿಭಾಜ್ಯವಾದ್ದರಿಂದ. 179ರೊಡನೆ ಗುಣಿಸಿದಾಗ 14,141 ಎಂಬ ಸುಂದರ ಸಂಖ್ಯೆ ಬರುವುದರಿಂದ. ಆ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 31,313 ಕೂಡ ಹಾಗೆಯೇ. ದಾನದ ಸಂಖ್ಯೆಯನ್ನು ಗಣಿತ ನಿರ್ಧರಿಸಿದೆ, ದಾನದ ವಸ್ತುವನ್ನು ಬದುಕು ನಿರ್ಧರಿಸಿದೆ. ದೀನಾರ, ನೇರಳೆ, ಪದ್ಮರಾಗ, ತಾವರೆ, ಬಸದಿಯ ಪೂಜೆ ಇವೆಲ್ಲ ಆ ಕಾಲದ ಓದುಗರಿಗೆ ಕೂಡಲೇ ಹೊಳೆಯುವ ಸಂಗತಿಗಳಾಗಿದ್ದುದರಿಂದಲೇ ಪಾಠದಲ್ಲಿ ಕಾಣಿಸಿಕೊಂಡಿವೆ. ಅಷ್ಟರಮಟ್ಟಿಗೆ ಅವು ಸಾಕ್ಷ್ಯ. ಅಂಕಿಗಳು ಸಾಕ್ಷ್ಯವಲ್ಲ. ಶಾಸನಗಳಲ್ಲಿ ಲೊಕ್ಕಿಗುಂಡಿಯ ಸಾಸಿರ್ವರು ಮಹಾಜನರು, ಅಯ್ಯಾವೊಳೆಯ ಐನೂರ್ವರು ಎಂದು ಬರುವ ಸಂಖ್ಯೆಗಳ ಸ್ವಭಾವ ಬೇರೆ. ಅಲ್ಲಿ ಸಂಖ್ಯೆ ಸಂಸ್ಥೆಯ ಹೆಸರಿನಂತೆ ಗಟ್ಟಿಯಾಗಿಬಿಟ್ಟಿದೆ. ಗಣಿತಗ್ರಂಥದ ಸಂಖ್ಯೆಯನ್ನು ಸಾಕ್ಷ್ಯವೆಂದು ಬಳಸುವ ಮುನ್ನ ಅದರ ಅಪವರ್ತನಗಳನ್ನು ಬಿಡಿಸಿ ನೋಡುವುದು ಸಂಶೋಧಕನ ಮೊದಲ ಕೆಲಸವಾಗಬೇಕು. ಗ್ರಂಥಕಾರ ಆ ಸಂಖ್ಯೆಯನ್ನೇ ಏಕೆ ಆರಿಸಿದನೆಂಬುದು ಅನೇಕ ವೇಳೆ ಅಲ್ಲಿಯೇ ತಿಳಿದುಬಿಡುತ್ತದೆ.

ಈ ಉದಾಹರಣೆಗಳಲ್ಲಿ ಎಲ್ಲಕ್ಕಿಂತ ಸೊಗಸಾದುದರಲ್ಲಿ ಸಂಖ್ಯೆಯ ಹೆಸರನ್ನೇ ಹೇಳಿಲ್ಲ, ಅದರ ಆಕಾರವನ್ನು ಹೇಳಿದೆ. ಒಂದರಿಂದ ತೊಡಗಿ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಅಂಕಿಗಳಷ್ಟು ಸುವರ್ಣಗಳನ್ನು 441 ಜನರಿಗೆ ಹಂಚಬೇಕು. ಸಂಖ್ಯೆ 12,34,56,54,321. ಪಾಲು 2,79,94,681. ಈ ಬೃಹತ್ ಸಂಖ್ಯೆ 1,11,111ರ ವರ್ಗ. 1,11,111 ಎಂಬುದು 3, 7, 11, 13, 37 ಈ ಐದರ ಗುಣಲಬ್ಧ. 441 ಎಂದರೆ 21ರ ವರ್ಗ, ಅಂದರೆ 3ರ ಮತ್ತು 7ರ ವರ್ಗಗಳ ಗುಣಲಬ್ಧ. ಅವನ್ನು ತೆಗೆದರೆ ಉಳಿಯುವುದು 11, 13, 37ರ ಗುಣಲಬ್ಧವಾದ 5,291ರ ವರ್ಗ. ಈ ಒಂದು ರಾಶಿಯನ್ನು ಸಮಗುಂಪುಗಳಾಗಿ ಒಡೆಯಲು 243 ಬಗೆಗಳುಂಟು. ಹಿಂದಿನ 14,141ಕ್ಕೆ ನಾಲ್ಕೇ ಬಗೆ. ಕೃಪಣ ಸಂಖ್ಯೆಯ ಸಮೀಪದಲ್ಲೇ ಉದಾರ ಸಂಖ್ಯೆಯೊಂದನ್ನು ಇಟ್ಟಿರುವುದು ಉದ್ದೇಶಪೂರ್ವಕವೇ ಇರಬೇಕು.

ಇದೇ 441 ಮತ್ತು 2,79,94,681 ಗುಣಾಕಾರದ ಪ್ರಕರಣದಲ್ಲಿಯೂ ಬರುತ್ತವೆ. ಅಲ್ಲಿ ಅವು ‘ಕಂಠಿಕೆ’, ಅಂದರೆ ಕೊರಳ ಹಾರದಂಥ ಸಂಖ್ಯೆಗಳ ಸಾಲಿಗೆ ಸೇರಿದವು. 139ನ್ನು 109ರಿಂದ ಗುಣಿಸಿದರೆ 15,151. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 1,23,45,679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 1,42,87,143ನ್ನು 7ರಿಂದ ಗುಣಿಸಿದರೆ 10,00,10,001. ನಡುಮಣಿಯ ಎರಡೂ ಬದಿಗೆ ಒಂದೇ ಬಗೆಯ ಮಣಿಗಳನ್ನು ಪೋಣಿಸಿದ ಹಾರದಂತೆ ಈ ಸಂಖ್ಯೆಗಳು. ಇವನ್ನು ವಿನೋದವೆಂದು ಬದಿಗಿಡುವ ವಿಮರ್ಶೆಯೂ ಬಂದಿದೆ. ಆದರೆ ಗುಣಕ ಒಂದಂಕಿಯದಾದಲ್ಲಿ ಹಾರವನ್ನು ಹುಡುಕುವುದು ಸುಲಭ. 73ರಂಥ ಗುಣಕವನ್ನು ಎಂಟು ಒಂದುಗಳೊಳಗಿನಿಂದ ಹೊರತೆಗೆಯುವುದು ಸುಲಭವಲ್ಲ. ಹಾರವನ್ನು ಕಟ್ಟಿದವರು ಅದನ್ನು ಬಿಚ್ಚಿ ನೋಡಿದವರೇ ಆಗಿರಬೇಕು.

ಗ್ರಂಥಸಂಪಾದನೆಯ ದೃಷ್ಟಿಯಿಂದ ಈ ನಿಶ್ಶೇಷ ಭಾಗಾಹಾರಗಳಿಗೆ ಇನ್ನೊಂದು ಬೆಲೆಯಿದೆ. ಶಾಸ್ತ್ರಗ್ರಂಥಗಳಲ್ಲಿ ಸಂಖ್ಯೆಗಳನ್ನು ಅನೇಕ ಕಡೆ ಭೂತಸಂಖ್ಯೆಗಳಿಂದ ಸೂಚಿಸುತ್ತಾರೆ. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು. ಜೈನ ಗ್ರಂಥಕಾರರ ಕೈಯಲ್ಲಿ ಈ ಕೋಶಕ್ಕೆ ಜೈನ ಪರಿಭಾಷೆಯೂ ಸೇರುತ್ತದೆ. ದ್ರವ್ಯವೆಂದರೆ ಆರು, ಕರ್ಮವೆಂದರೆ ಎಂಟು, ಕಷಾಯವೆಂದರೆ ನಾಲ್ಕು. ತತ್ತ್ವವೆಂದರೆ ಜೈನನಿಗೆ ಏಳು, ಸಾಂಖ್ಯನಿಗೆ ಇಪ್ಪತ್ತೈದು. ಪದಾರ್ಥವೆಂದರೆ ಜೈನನಿಗೆ ಒಂಬತ್ತು, ವೈಶೇಷಿಕನಿಗೆ ಏಳು. ಮೇಲಾಗಿ ಅಂಕಿಗಳು ಬಿಡಿಸ್ಥಾನದಿಂದ ತೊಡಗಿ ಎಡಕ್ಕೆ ನಡೆಯುತ್ತವೆ. ಪರಿಭಾಷೆಯ ಅರಿವಿಲ್ಲದ ಲಿಪಿಕಾರನೋ ಸಂಪಾದಕನೋ ಒಂದು ಪದವನ್ನು ತಪ್ಪಾಗಿ ಎಣಿಸಿದರೆ ಸಂಖ್ಯೆಯೇ ಬದಲಾಗುತ್ತದೆ. ಕಾವ್ಯದಲ್ಲಿ ಇಂಥ ತಪ್ಪು ಹಿಡಿಯಲು ಛಂದಸ್ಸಿದೆ. ಆದರೆ ಸಮಾನ ಮಾತ್ರೆಯ ಪದ ಬಂದು ಕೂತರೆ ಛಂದಸ್ಸೂ ಕೈಬಿಡುತ್ತದೆ. ಇಲ್ಲಿ ಅಪವರ್ತನ ಕೈಬಿಡುವುದಿಲ್ಲ.

ಕಾರಣ ಸರಳವಾಗಿದೆ. 28,483ರಲ್ಲಿ ಯಾವುದೇ ಒಂದು ಅಂಕಿ ತಪ್ಪಿತೆಂದು ಇಟ್ಟುಕೊಳ್ಳೋಣ. ಸರಿಯಾದ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ಅಂತರವು 1ರಿಂದ 9ರವರೆಗಿನ ಒಂದು ಅಂಕಿಯನ್ನು ಹತ್ತು, ನೂರು, ಸಾವಿರ ಮುಂತಾದ ಸ್ಥಾನಬೆಲೆಯಿಂದ ಗುಣಿಸಿದಷ್ಟು. ಅದರೊಳಗೆ 13 ಅಡಗಿರಲಾರದು. ಆದ್ದರಿಂದ ಒಂದೇ ಒಂದು ಅಂಕಿ ತಪ್ಪಿದರೂ ರತ್ನಗಳು 13 ಬಸದಿಗಳಿಗೆ ಸಮನಾಗಿ ಹೋಗುವುದಿಲ್ಲ, ಶೇಷ ಉಳಿಯುತ್ತದೆ, ತಪ್ಪು ಬಯಲಾಗುತ್ತದೆ. ಭಾಜಕ 37, 79, 181 ಆಗಿರುವಲ್ಲಿಯೂ ಇದೇ ರಕ್ಷಣೆ. ನೇರಳೆಹಣ್ಣಿನ ಎರಡು ಉದಾಹರಣೆಗಳನ್ನೇ ನೋಡಬಹುದು. 31,317 ಮತ್ತು 31,313 ಇವುಗಳಿಗಿರುವ ವ್ಯತ್ಯಾಸ ಬಿಡಿಸ್ಥಾನದಲ್ಲಿ ಮಾತ್ರ. ಒಂದರ ಪಾಠ ಇನ್ನೊಂದಕ್ಕೆ ಜಾರುವುದು ಎಷ್ಟೂ ಸುಲಭ. ಆದರೆ 31,313 ಹಣ್ಣುಗಳು 39 ಜನರಿಗೆ ಸಮವಾಗುವುದಿಲ್ಲ, 31,317 ಹಣ್ಣುಗಳು 181 ಜನರಿಗೆ ಸಮವಾಗುವುದಿಲ್ಲ. ಎರಡು ಪಾಠಗಳೂ ತಮ್ಮತಮ್ಮ ಸ್ಥಾನದಲ್ಲಿ ಭದ್ರ.

ಈ ಕಾವಲಿಗೂ ಒಂದು ಕಿಂಡಿಯಿದೆ. ಅಂಕಿಗಳು ಅದಲುಬದಲಾದಾಗ ಅದು ಯಾವಾಗಲೂ ಹಿಡಿಯುತ್ತದೆಂದು ಹೇಳಲಾಗದು. 2,701ರ ಮೊದಲ ಮತ್ತು ಕೊನೆಯ ಅಂಕಿಗಳನ್ನು ಬದಲಿಸಿದರೆ 1,702 ಆಗುತ್ತದೆ. ಅದೂ 37ರಿಂದ ಭಾಗವಾಗಿ 46 ಬರುತ್ತದೆ. ಆಗ ಪಾಲು ಬಂದಿತು, ಶೇಷವಿಲ್ಲ, ಪಾಠ ಮಾತ್ರ ತಪ್ಪು. ಇಂಥಲ್ಲಿ 37 ಮತ್ತು 73ರ ಕನ್ನಡಿಜೋಡಿಯೇ ಸರಿಯಾದ ಪಾಠಕ್ಕೆ ಸಾಕ್ಷಿ ಹೇಳಬೇಕಾಗುತ್ತದೆ. ಗ್ರಂಥಕಾರರ ಅಭಿರುಚಿಯನ್ನು ಬಲ್ಲ ಸಂಪಾದಕನಿಗೆ ಮಾತ್ರ ಆ ಸಾಕ್ಷಿ ಕೇಳಿಸುತ್ತದೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಇಂಥ ಅಂತರಂಗಪರೀಕ್ಷೆ ಯಾರಿಗೂ ಎಟಕುವಂತಾಯಿತು. ಅದನ್ನು ನಡೆಸಲು ತಾಳೆಗರಿಯೂ ಬೇಡ. ಭಾಗಿಸುವ ತಾಳ್ಮೆಯಿದ್ದರೆ ಸಾಕು.

ಮೊದಲ ಉದಾಹರಣೆಯಾದ 8,192 ಮತ್ತು 64ರ ಬಗ್ಗೆ ಬೇರೆಯಾಗಿಯೇ ಒಂದು ಮಾತು ಹೇಳಬೇಕು. ಇತರ ಉದಾಹರಣೆಗಳಲ್ಲಿ ಅವಿಭಾಜ್ಯಗಳು ಮೆರೆಯುತ್ತಿದ್ದರೆ ಇಲ್ಲಿ ಎರಡನ್ನು ಬಿಟ್ಟರೆ ಬೇರೊಂದು ಗುಣಕವಿಲ್ಲ. ಎರಡನ್ನು ಹದಿಮೂರು ಸಲ ಗುಣಿಸಿದರೆ 8,192. ಆರು ಸಲ ಗುಣಿಸಿದರೆ 64. ಪಾಲು 128, ಅಂದರೆ ಏಳು ಸಲ. ಹದಿಮೂರರಲ್ಲಿ ಆರನ್ನು ಕಳೆದರೆ ಏಳು. ಈ ಕಳೆಯುವ ಲೆಕ್ಕ ಜೈನ ಸಿದ್ಧಾಂತಗ್ರಂಥಗಳನ್ನು ಓದಿದವರಿಗೆ ಹೊಸದಲ್ಲ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದು ಆ ರಾಶಿಯ ‘ಅರ್ಧಚ್ಛೇದ’. ಮೂರರಿಂದ ಹಾಗೆ ಛೇದಿಸಿದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆಯಲ್ಲಿ ಈ ಪರಿಕಲ್ಪನೆಗಳೂ ಅವುಗಳ ನಿಯಮಗಳೂ ವಿಸ್ತಾರವಾಗಿವೆ. ಭಾಜ್ಯದ ಅರ್ಧಚ್ಛೇದದಲ್ಲಿ ಭಾಜಕದ ಅರ್ಧಚ್ಛೇದವನ್ನು ಕಳೆದರೆ ಲಬ್ಧದ ಅರ್ಧಚ್ಛೇದ ದೊರೆಯುತ್ತದೆ ಎಂಬ ನಿಯಮವೂ ಅಲ್ಲಿದೆ. ಇದರ ಗಣಿತಮಹತ್ವವನ್ನು ಆಧುನಿಕರಿಗೆ ಮೊದಲು ತೋರಿಸಿದವರು ಎ. ಎನ್. ಸಿಂಗ್. ‘ಧವಲಾ’ದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದವೆಂಬುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ನೆನಪಿಸುವುದು ಅಪ್ರಸ್ತುತವಾಗದು.

ಮಹಾವೀರಾಚಾರ್ಯರು 8,192ನ್ನು ಆರಿಸುವಾಗ ಈ ಅರ್ಧಚ್ಛೇದವೇ ಅವರ ಮನಸ್ಸಿನಲ್ಲಿತ್ತೆಂದು ಸಾಧಿಸಲು ಗ್ರಂಥದಲ್ಲಿ ನೇರ ಆಧಾರವಿಲ್ಲ. ಇದು ಊಹೆ. ಆದರೆ ಭಾಗಾಹಾರದ ಬಾಗಿಲಲ್ಲೇ, ಮೊಟ್ಟಮೊದಲ ಉದಾಹರಣೆಯಾಗಿ, ಅರ್ಧಿಸುತ್ತ ಅರ್ಧಿಸುತ್ತ ಹೋಗಬಲ್ಲ ರಾಶಿಯನ್ನು ನಿಲ್ಲಿಸಿರುವುದು ಬೋಧನಕ್ರಮದ ದೃಷ್ಟಿಯಿಂದ ಅರ್ಥಪೂರ್ಣ. ಅರ್ಧಿಸುವುದು ಯಾರಿಗೂ ತಿಳಿದ ಕೆಲಸ. 64 ಜನರನ್ನು ಎರಡು ಸಾಲಾಗಿ ನಿಲ್ಲಿಸಿ, ದೀನಾರಗಳನ್ನು ಎರಡು ರಾಶಿ ಮಾಡಿ, ಹೀಗೆ ಆರು ಸಲ ಮಾಡಿದರೆ ಒಬ್ಬನ ಮುಂದೆ 128 ದೀನಾರಗಳು ನಿಂತಿರುತ್ತವೆ. ಕನ್ನಡ ನಾಡಿನ ನಾಣ್ಯವ್ಯವಸ್ಥೆಯೂ ಇದೇ ಜಾಡಿನದು. ಶಾಸನಗಳಲ್ಲಿ ಬರುವ ಹಣದ ಅರ್ಧ ಅಡ್ಡ, ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಅರ್ಧಿಸುವುದಕ್ಕೆ ಒಲಿದ ಈ ವ್ಯವಸ್ಥೆ ಮೂವರಿಗೆ ಒಂದು ಹಣವನ್ನು ಹಂಚಲು ಒಲಿಯದು. ಐದೈದು ವೀಸ ಕೊಟ್ಟ ಮೇಲೂ ಒಂದು ವೀಸ ಉಳಿದುಬಿಡುತ್ತದೆ.

ಮೂರನೆಯ ಅಧ್ಯಾಯವಾದ ಕಲಾಸವರ್ಣದಲ್ಲಿ ಭಿನ್ನರಾಶಿಗಳ ಚರ್ಚೆ ಬರುತ್ತದೆ. ಛೇದಗಳೆಲ್ಲವನ್ನೂ ಒಂದಕ್ಕೊಂದು ಗುಣಿಸುವ ಬದಲು ಅವುಗಳ ಸಾಮಾನ್ಯ ಗುಣಕಗಳನ್ನೂ ಕೊನೆಗೆ ಉಳಿಯುವ ಲಬ್ಧಗಳನ್ನೂ ಮಾತ್ರ ಗುಣಿಸಿ ‘ನಿರುದ್ಧ’ವನ್ನು ಪಡೆಯಬೇಕೆಂದು ಆಚಾರ್ಯರು ವಿಧಿಸುತ್ತಾರೆ. ಇಂದು ನಾವು ಲಘುತ್ತಮ ಸಾಮಾನ್ಯ ಅಪವರ್ತ್ಯ ಎನ್ನುವುದು ಇದನ್ನೇ. 12 ಮತ್ತು 18ರಲ್ಲಿ 6 ಸಾಮಾನ್ಯ, ಉಳಿಯುವುದು 2 ಮತ್ತು 3, ನಿರುದ್ಧ 36. ಹನ್ನೆರಡು ಜನ ಬಂದರೂ ಹದಿನೆಂಟು ಜನ ಬಂದರೂ ಸಮನಾಗಿ ಹಂಚಬಲ್ಲ ಅತಿಚಿಕ್ಕ ರಾಶಿಯದು. ಎರಡನ್ನೂ ಸುಮ್ಮನೆ ಗುಣಿಸಿದ್ದರೆ 216 ಬೇಕಾಗುತ್ತಿತ್ತು. ‘ಅಪವರ್ತನ’ ಶಾಲೆಯವರೆಗೆ ಬಂದಿತು. ಮೂರಕ್ಷರದ ಈ ‘ನಿರುದ್ಧ’ ದಾರಿಯಲ್ಲೇ ಉಳಿಯಿತು. ಲ.ಸಾ.ಅ. ಎಂಬ ಸಂಕ್ಷೇಪಕ್ಕಿಂತ ಅದು ಎಷ್ಟೋ ಮೇಲಾಗಿತ್ತು.

ಅದೇ ಅಧ್ಯಾಯದಲ್ಲಿ ಒಂದನ್ನು ಹಲವು ಏಕಾಂಶಭಿನ್ನಗಳ ಮೊತ್ತವಾಗಿ ಬರೆಯುವ ಸೂತ್ರವಿದೆ. ಒಂದರಿಂದ ತೊಡಗಿ ಮೂರರಿಂದ ಗುಣಿಸುತ್ತ ಹೋಗಿ, ಮೊದಲ ಛೇದವನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು. ನಾಲ್ಕು ಪದಗಳಿಗೆ ಇದನ್ನು ಅನ್ವಯಿಸಿದರೆ ಛೇದಗಳು 2, 3, 9, 18. ಹದಿನೇಳು ಒಂಟೆಗಳನ್ನು ಮೂವರು ಮಕ್ಕಳಿಗೆ ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು ಪಾಲಿನಂತೆ ಹಂಚಲು ಹದಿನೆಂಟನೆಯ ಒಂಟೆಯನ್ನು ಎರವಲು ತಂದ ಜಾಣನ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಆ ಒಗಟಿನ ಗುಟ್ಟಾದ 9, 6, 2, 1 ಎಂಬ ಪಾಲುಗಳು ಈ ಸೂತ್ರದೊಳಗೆ ಕುಳಿತಿವೆ. ಕಥೆಗೂ ಗ್ರಂಥಕ್ಕೂ ನಂಟು ಕಲ್ಪಿಸುವ ಅಗತ್ಯವಿಲ್ಲ. 18ರ ಸ್ವಭಾವವೇ ಅದು.

ಛಂದಸ್ಸಿನ ಮಾತು ಇಲ್ಲಿಗೆ ಹೊಂದುತ್ತದೆ. ಮುಂದೆ ಬೆಳೆದ ಕನ್ನಡದ ಮಾತ್ರಾಷಟ್ಪದಿಗಳಲ್ಲಿ ಸಾಲೊಂದನ್ನು ಸಮಗಣಗಳಾಗಿ ಒಡೆಯುವ ಲೆಕ್ಕವೇ ಲಯದ ತಳಹದಿ. ಮೊದಲ ಸಾಲನ್ನೇ ತೆಗೆದುಕೊಂಡರೆ ಶರಕ್ಕೆ 8 ಮಾತ್ರೆ, ನಾಲ್ಕರ ಎರಡು ಗಣ. ಕುಸುಮಕ್ಕೆ 10, ಐದರ ಎರಡು. ಭೋಗಕ್ಕೆ 12, ಮೂರರ ನಾಲ್ಕು. ಪರಿವರ್ಧಿನಿಗೆ 16, ನಾಲ್ಕರ ನಾಲ್ಕು. ವಾರ್ಧಕಕ್ಕೆ 20, ಐದರ ನಾಲ್ಕು. ಇವುಗಳ ನಡುವೆ ಭಾಮಿನಿಯೊಂದೇ ಬೇರೆ. ಅದರ 14 ಮಾತ್ರೆಗಳು ಏಳರ ಎರಡು ಘಟಕಗಳಾಗುತ್ತವೆ. ಏಳು ಅವಿಭಾಜ್ಯ, ಅದನ್ನು ಮತ್ತೆ ಸಮಗಣಗಳಾಗಿ ಒಡೆಯಲಾಗದು. ಆದ್ದರಿಂದ ಮೂರು, ನಾಲ್ಕು ಎಂದು ವಿಷಮವಾಗಿಯೇ ಒಡೆಯಬೇಕು. ಭಾಮಿನಿಯ ನಡಿಗೆಯಲ್ಲಿ ಕಿವಿಗೆ ಹಿತವಾಗುವ ಆ ಚಿಕ್ಕ ತೊನೆದಾಟಕ್ಕೆ ಏಳರ ಒಡೆಯದ ಗುಣವೇ ಕಾರಣವೆಂದರೆ ಅತಿಶಯೋಕ್ತಿಯಲ್ಲ. ಕುಮಾರವ್ಯಾಸನನ್ನು ವಾಚಿಸುವವರು ಈ ಲೆಕ್ಕವನ್ನು ಎಣಿಸದೆಯೇ ಬಲ್ಲರು.

ಗುಣಕಗಳು ಒದಗದೆ ಹೋದಾಗ ಸಮಪಾಲು ಹೇಗೆ? ಆರನೆಯದಾದ ಮಿಶ್ರಕವ್ಯವಹಾರದ ಕುಟ್ಟೀಕಾರ ಭಾಗದ ವಿಷಯ ಇದು. ಅಲ್ಲಿಯ ಒಂದು ಉದಾಹರಣೆ ಕಾವ್ಯದ ವನವರ್ಣನೆಯಂತೆಯೇ ತೊಡಗುತ್ತದೆ. ಫಲಪುಷ್ಪಗಳಿಂದ ಬಾಗಿದ ಮರಗಳ ಉದ್ದನೆಯ ಸಾಲು, ದಣಿದು ಬಂದ ದಾರಿಗರು, ಅವರ ಮುಂದೆ ಬಾಳೆಹಣ್ಣಿನ ರಾಶಿಗಳು. ಸಮಸಂಖ್ಯೆಯ 63 ರಾಶಿಗಳಿವೆ, ಜೊತೆಗೆ ಬಿಡಿಯಾಗಿ 7 ಹಣ್ಣುಗಳು. 23 ದಾರಿಗರಿಗೆ ಹಂಚಿದಾಗ ಏನೂ ಉಳಿಯಲಿಲ್ಲ. ಹಾಗಾದರೆ ರಾಶಿಯೊಂದರಲ್ಲಿ ಎಷ್ಟು ಹಣ್ಣು? ಇಲ್ಲಿ ಭಾಜ್ಯವೇ ಗೊತ್ತಿಲ್ಲ. ಗೊತ್ತಿರುವುದು ಅದು 23ಕ್ಕೆ ಸಮನಾಗಿ ಒಡೆಯಿತೆಂಬುದು ಮಾತ್ರ.

ಆಚಾರ್ಯರು ಇದಕ್ಕೆ ವಲ್ಲಿಕಾ ಕುಟ್ಟೀಕಾರವೆಂಬ ವಿಧಾನವನ್ನು ಹೇಳುತ್ತಾರೆ. ಒಂದನ್ನು ಇನ್ನೊಂದರಿಂದ ಭಾಗಿಸುತ್ತ, ಬಂದ ಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಇಳಿಸುತ್ತ ಹೋಗಬೇಕು. ಆ ಬಳ್ಳಿಯನ್ನು ಪೂರ್ತಿ ಇಳಿಸದೆಯೂ ಅಪವರ್ತನದ ಕಣ್ಣಿನಿಂದ ಈ ಉದಾಹರಣೆಯನ್ನು ನೋಡಬಹುದು. 63ರಲ್ಲಿ 7 ಅಡಗಿದೆ. ಬಿಡಿ ಹಣ್ಣುಗಳೂ 7. ಆದ್ದರಿಂದ ಎಲ್ಲ ಹಣ್ಣುಗಳನ್ನೂ ಏಳು ಸಮಗುಂಪುಗಳಾಗಿ ನೋಡಬಹುದು. ಒಂದೊಂದು ಗುಂಪಿನಲ್ಲಿ ಒಂಬತ್ತು ರಾಶಿಗಳು ಮತ್ತು ಒಂದು ಬಿಡಿ ಹಣ್ಣು. 23ಕ್ಕೂ 7ಕ್ಕೂ ಸಾಮಾನ್ಯ ಗುಣಕವಿಲ್ಲದ್ದರಿಂದ ಈ ಒಂದು ಗುಂಪೇ 23ಕ್ಕೆ ಸಮನಾಗಿ ಒಡೆಯಬೇಕು. ಒಂಬತ್ತರ ಯಾವ ಗುಣಿತಕ್ಕೆ ಒಂದನ್ನು ಕೂಡಿದರೆ 23ರ ಗುಣಿತವಾಗುತ್ತದೆ? 45ಕ್ಕೆ ಒಂದು ಕೂಡಿದರೆ 46. ರಾಶಿಯೊಂದರಲ್ಲಿ 5 ಹಣ್ಣು, ಒಟ್ಟು 322, ಒಬ್ಬ ದಾರಿಗನಿಗೆ 14. 63 ಮತ್ತು 7 ಎಂಬ ಅಂಕಿಗಳನ್ನು ಜೊತೆಯಾಗಿ ಇಟ್ಟ ಕೈ ಇಲ್ಲಿಯೂ ಭಾಗಾಹಾರದ ಅದೇ ಕೈ. ಬಾಳೆಯ ತೋಟ ಅಲಂಕಾರ, ಏಳು ಅಲಂಕಾರವಲ್ಲ.

ಈ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಜೈನ ಸಂದರ್ಭಗಳನ್ನು ಶೈವಕ್ಕೆ ಒಗ್ಗಿಸಿಕೊಂಡ. ದೇವರು ಬದಲಾದರೂ ಅಪವರ್ತನಗಳು ಬದಲಾಗಬೇಕಿಲ್ಲವೆಂಬುದು ಇಂಥ ಶಾಸ್ತ್ರದ ಸೌಕರ್ಯ. ಕನ್ನಡದಲ್ಲಿ ಗಣಿತವನ್ನು ಬರೆದವನು 12ನೆಯ ಶತಮಾನದ ರಾಜಾದಿತ್ಯ, ಪೂವಿನಬಾಗೆಯವನು, ಜೈನಕವಿ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಜೈನಗಣಿತಸೂತ್ರಟೀಕೋದಾಹರಣ ಇವುಗಳ ಜೊತೆಗೆ ‘ಚಿತ್ರಹಸುಗೆ’ ಎಂಬ ಕೃತಿಯೂ ಅವನ ಹೆಸರಿನಲ್ಲಿದೆ. ಸಾಹಿತ್ಯಚರಿತ್ರೆಗಳು ಶಾಸ್ತ್ರಸಾಹಿತ್ಯವೆಂಬ ತಲೆಬರಹದಡಿ ಈ ಪಟ್ಟಿಯನ್ನು ಒಂದು ಪ್ಯಾರಾದಲ್ಲಿ ಕೊಟ್ಟು ಮುಂದೆ ಸರಿಯುವುದೇ ಹೆಚ್ಚು. ಅವನ ಶೀರ್ಷಿಕೆಯೊಂದೇ ಹಲವು ಪುಟಗಳ ವಿವೇಚನೆಗೆ ಅರ್ಹ.

‘ಪಸುಗೆ’ ಎಂದರೆ ಹಳಗನ್ನಡದಲ್ಲಿ ವಿಭಾಗ, ಬೇರ್ಪಡಿಸುವಿಕೆ, ಹಂಚಿಕೆ. ‘ಪಚ್ಚು’ ಎಂಬ ಕ್ರಿಯಾಪದವೂ ‘ಪಾಲ್’ ಎಂಬ ನಾಮಪದವೂ ಅದೇ ದ್ರಾವಿಡ ಬಳ್ಳಿಯ ಕುಡಿಗಳು. ಪಕಾರ ಹಕಾರವಾಗುತ್ತಿದ್ದ ಕಾಲದಲ್ಲಿ ಅದು ‘ಹಸುಗೆ’ಯಾಯಿತು. ಸಂಸ್ಕೃತದ ಭಾಗಾಹಾರವೆಂಬ ಪರಿಭಾಷೆಯಲ್ಲಿ ಹರಣದ, ಅಂದರೆ ಕಳೆಯುವ, ಒಯ್ಯುವ ಅರ್ಥ ಮುಂದಿದೆ. ಹಸುಗೆಯಲ್ಲಿ ಯಾರೂ ಏನನ್ನೂ ಒಯ್ಯುವುದಿಲ್ಲ. ಇದ್ದದ್ದು ಬೇರೆಬೇರೆಯಾಗಿ ನಿಲ್ಲುತ್ತದೆ, ಅಷ್ಟೇ. ಮಹಾವೀರಾಚಾರ್ಯರ ಗ್ರಂಥದ ಹಿರಿಮೆಯನ್ನು ಬಲ್ಲ ಪರಂಪರೆಯ ಕವಿ, ಸಂಸ್ಕೃತ ಪರಿಭಾಷೆಯ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟವನು, ಒಂದು ಕೃತಿಗೆ ಮಾತ್ರ ಈ ಅಚ್ಚಗನ್ನಡದ ಪದವನ್ನು ಉಳಿಸಿಕೊಂಡ. ಅದಕ್ಕೆ ಮುಂದೆ ‘ಚಿತ್ರ’ವನ್ನೂ ಸೇರಿಸಿದ. ಚಿತ್ರವೆಂದರೆ ಇಲ್ಲಿ ಬೆರಗು ಹುಟ್ಟಿಸುವಂಥದ್ದು. ಅಲಂಕಾರಶಾಸ್ತ್ರದಲ್ಲಿ ಚಿತ್ರಕವಿತ್ವ ಎನ್ನುವಾಗ ಇರುವ ಅರ್ಥ. 37ನ್ನು ತಿರುವಿ 73 ಮಾಡಿ 2,701 ಸುವರ್ಣಗಳನ್ನು ಹಂಚುವ ಲೆಕ್ಕಕ್ಕೆ ಕನ್ನಡದಲ್ಲಿ ಹೆಸರು ಬೇಕೆಂದವರಿಗೆ ಅದು ರಾಜಾದಿತ್ಯನ ಶೀರ್ಷಿಕೆಯಲ್ಲಿ ಸಿದ್ಧವಾಗಿದೆ.